ಅಪ್ಪನ ಸ್ಕೀ, ಮಗಳ ಪದಕ

ಭಾರತದಲ್ಲಿ ಸ್ಕೀಯಿಂಗ್ ಉಳಿದು ಬೆಳೆದದ್ದು ಹಿಮಾಲಯದ ಕೆಲವೇ ಮನೆಗಳಲ್ಲಿ. ಆಟವೇನೋ ಬ್ರಿಟಿಷರ ಜೊತೆ ಬಂತು. 1927ರಲ್ಲಿ ಸೇನಾಧಿಕಾರಿಗಳು ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ ಸ್ಕೀ ಕ್ಲಬ್ ಆಫ್ ಇಂಡಿಯಾ ಕಟ್ಟಿದರು. ಸ್ವಾತಂತ್ರ್ಯಾನಂತರ ಆಟವನ್ನು ಕೈಗೆತ್ತಿಕೊಂಡದ್ದು ಭಾರತೀಯ ಸೇನೆ. 1948ರ ನವೆಂಬರಿನಲ್ಲಿ ಜೋಜಿ ಲಾ ಕಣಿವೆದಾರಿಗೆ ಟ್ಯಾಂಕುಗಳನ್ನು ಹತ್ತಿಸಿ ಗೆದ್ದ ಮಡಿಕೇರಿಯ ಕೆ.ಎಸ್. ತಿಮ್ಮಯ್ಯ, ಮರುತಿಂಗಳೇ ತಮ್ಮ 19ನೇ ಡಿವಿಷನ್ನಿಗಾಗಿ ಗುಲ್ಮಾರ್ಗ್‌ನಲ್ಲಿ ಸ್ಕೀ ಶಾಲೆ ತೆರೆದರು. ಎತ್ತರದ ಪ್ರದೇಶಗಳ ಯುದ್ಧತರಬೇತಿ ಕೊಡುವ ಇಂದಿನ ಸೇನಾ ಶಾಲೆಯ ಮೂಲ ಅದೇ. ಹಿಮವೇ ಬೀಳದ ಕೊಡಗಿನ ಹೆಸರು ಈ ಚರಿತ್ರೆಗೆ ಇಷ್ಟು ಬೇಗ ಸೇರಿದ್ದು ಸೋಜಿಗವೇ ಸರಿ.

ಸೈನಿಕರಿಗೆ ಶಾಲೆಯಿತ್ತು, ಊರ ಮಕ್ಕಳಿಗೆ ಮನೆಯೇ ಶಾಲೆ. ಹಿಮ ಇರುವುದು ವರ್ಷದಲ್ಲಿ ಕೆಲವೇ ತಿಂಗಳು. ಸಲಕರಣೆ ಹೊರದೇಶದ್ದು, ದುಬಾರಿ. ಹಾಗಾಗಿ ಸ್ಕೀ ಇದ್ದ ಮನೆಯ ಮಕ್ಕಳಿಗೆ ಅದು ಸುಲಭವಾಗಿ ಒಲಿಯಿತು. ಗುಲ್ಮಾರ್ಗ್‌ನ ಬುಡದ ತಂಗ್‌ಮಾರ್ಗ್‌ನವರಾದ ಆರಿಫ್ ಖಾನ್ ನಾಲ್ಕನೇ ವಯಸ್ಸಿಗೇ ಹಿಮಕ್ಕಿಳಿದದ್ದು ತಂದೆಯ ಸ್ಕೀ ಅಂಗಡಿಯ ದೆಸೆಯಿಂದ. 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಭಾರತದ ಏಕೈಕ ಸ್ಪರ್ಧಿ ಅವರೇ. ಮನಾಲಿ ಬಳಿಯ ಬುರುವಾದ ಠಾಕೂರ್ ಮನೆತನದ್ದು ಇನ್ನೂ ದೊಡ್ಡ ಕಥೆ. ತಂದೆ ರೋಶನ್ ಠಾಕೂರ್ ಸ್ಕೀಯಿಂಗ್ ಸಂಘಟಕರು. ಬಂಧು ಹೀರಾಲಾಲ್ 2006ರ ಟುರಿನ್, ಮಗ ಹಿಮಾಂಶು 2014ರ ಸೋಚಿ ಒಲಿಂಪಿಕ್ಸ್‌ಗೆ ಹೋದರು. ಮಗಳು ಆಂಚಲ್ 2018ರ ಜನವರಿಯಲ್ಲಿ ಟರ್ಕಿಯಲ್ಲಿ ಗೆದ್ದ ಕಂಚು ಸ್ಕೀಯಿಂಗ್‌ನಲ್ಲಿ ಭಾರತಕ್ಕೆ ಬಂದ ಮೊದಲ ಅಂತರರಾಷ್ಟ್ರೀಯ ಪದಕ.

ಮಗುವಿಗೆ ಮೊದಲು ಹೇಳಿಕೊಡುವುದು ಜಾರುವುದನ್ನಲ್ಲ, ನಿಲ್ಲುವುದನ್ನು. ಎರಡೂ ಹಲಗೆಗಳ ಮೂತಿಯನ್ನು ಹತ್ತಿರ ತಂದು, ಹಿಮ್ಮಡಿಯ ಕಡೆ ಅಗಲಿಸಿ, ಒಳ ಅಂಚುಗಳನ್ನು ಹಿಮಕ್ಕೆ ಒತ್ತಿದರೆ ವೇಗ ತಗ್ಗುತ್ತದೆ. ಬಲಗಾಲಿನ ಮೇಲೆ ಭಾರ ಬಿಟ್ಟರೆ ಎಡಕ್ಕೆ ತಿರುವು. ಇನ್ನೊಂದು ಪಾಠ ಹಿಮದ ಮೇಲಲ್ಲ, ಮನೆಯೊಳಗೆ: ಬಿಸಿ ಇಸ್ತ್ರಿಪೆಟ್ಟಿಗೆಯಿಂದ ಹಲಗೆಯ ತಳಕ್ಕೆ ಮೇಣ ಕರಗಿಸಿ ಬಳಿದು, ಆರಿದ ಮೇಲೆ ಹೆರೆಯಬೇಕು. ಎಷ್ಟು ಹೆರೆದರೆ ಸಾಕೆಂಬುದು ಪಕ್ಕದಲ್ಲಿ ಕೂತು ನೋಡಿದವರಿಗೆ ಬೇಗ ತಿಳಿಯುತ್ತದೆ.

ಬೆಂಗಳೂರಿನ ಮಹಾಲಕ್ಷ್ಮಿ ಲೇಔಟಿನಂಥ ಬಡಾವಣೆಯಲ್ಲಿ ಅಪ್ಪ ಮಗಳಿಗೆ ಕೊಡಿಸುವುದು ಹೆಚ್ಚೆಂದರೆ ಚಕ್ರದ ಸ್ಕೇಟು. ದಕ್ಷಿಣದವರಿಗೆ ಮನೆಯ ಜಾಗ ತುಂಬಿದ್ದು ಸಂಸ್ಥೆಗಳು, ಮುಖ್ಯವಾಗಿ 1961ರಲ್ಲಿ ಮನಾಲಿಯಲ್ಲಿ ಆರಂಭವಾದ ಕೇಂದ್ರದಂಥ ಪರ್ವತಾರೋಹಣ ತರಬೇತಿ ಸಂಸ್ಥೆಗಳು. ಕೊಡಗಿನ ತೆಕ್ಕಡ ಭವಾನಿ ನಂಜುಂಡ ಪರ್ವತಾರೋಹಣದ ದಾರಿಯಿಂದಲೇ ಸ್ಕೀಗೆ ಬಂದವರು. ಅವರದು ಇಳಿಜಾರಿನ ಓಟವಲ್ಲ, ಕ್ರಾಸ್ ಕಂಟ್ರಿ: ಬೂಟಿನ ಹಿಮ್ಮಡಿ ಹಲಗೆಗೆ ಅಂಟದೆ ಎದ್ದೇಳುತ್ತದೆ, ಏರನ್ನೂ ಸ್ವಂತ ಬಲದಿಂದಲೇ ಹತ್ತಬೇಕು. ಗುಲ್ಮಾರ್ಗ್‌ನ ಖೇಲೊ ಇಂಡಿಯಾ ಕೂಟದಲ್ಲಿ ಕರ್ನಾಟಕಕ್ಕೆ ಚಿನ್ನ ತಂದ ಅವರು 2025ರಲ್ಲಿ ಚಿಲಿಯಲ್ಲಿ 5 ಕಿ.ಮೀ. ಸ್ಪರ್ಧೆಯ ಕಂಚು ಗೆದ್ದರು. ಹಿಮವಿಲ್ಲದ ತಿಂಗಳುಗಳಲ್ಲಿ ಈ ವಿಭಾಗದವರ ಅಭ್ಯಾಸ ಡಾಂಬರು ರಸ್ತೆಯ ಮೇಲೆ, ಚಕ್ರ ಕಟ್ಟಿದ ಗಿಡ್ಡ ಸ್ಕೀಗಳಲ್ಲಿ ನಡೆಯುತ್ತದೆ.