ಅಬೂ ಕುಬೈಸ್ ಬೆಟ್ಟದ ಮೇಲಿನ ಕೂಗು

ಪವಿತ್ರ ಕಅಬಾದ ಪೂರ್ವಕ್ಕೆ, ಹರಮ್‌ಗೆ ತಾಗಿಕೊಂಡಂತೆಯೇ ಅಬೂ ಕುಬೈಸ್ ಎಂಬ ಬೆಟ್ಟವಿದೆ. ಪ್ರವಾದಿ ಮುಹಮ್ಮದ್(ಸ)ರಿಗೆ ಸುಮಾರು 20 ವರ್ಷ ವಯಸ್ಸಾಗಿದ್ದಾಗ, ಅಂದರೆ ಕ್ರಿ.ಶ. 590ರ ಆಸುಪಾಸಿನಲ್ಲಿ, ಒಂದು ಮುಂಜಾನೆ ಯಮನ್‌ನ ವರ್ತಕನೊಬ್ಬ ಈ ಬೆಟ್ಟವನ್ನೇರಿದ. ಸೂರ್ಯೋದಯದ ಆ ಹೊತ್ತಿಗೆ ಕುರೈಶ್ ಪ್ರಮುಖರೆಲ್ಲ ಕಅಬಾದ ಸುತ್ತ ತಂತಮ್ಮ ಕೂಟಗಳಲ್ಲಿ ಕುಳಿತಿರುತ್ತಿದ್ದರು. ಅವರೆಲ್ಲರಿಗೂ ಕೇಳುವಂತೆ ಅವನು ತನಗಾದ ಅನ್ಯಾಯವನ್ನು ಪದ್ಯದಲ್ಲಿ ಕೂಗಿ ಹೇಳಿದ.

ಅವನು ಝುಬೈದ್ ಗೋತ್ರದವನು. ಮಾರಾಟಕ್ಕೆಂದು ಮಕ್ಕಾಕ್ಕೆ ಸರಕು ತಂದಿದ್ದ. ಬನೂ ಸಹ್ಮ್ ಗೋತ್ರದ ಆಸ್ ಬಿನ್ ವಾಇಲ್ ಎಂಬ ಗಣ್ಯ ವ್ಯಕ್ತಿ ಆ ಸರಕನ್ನು ಕೊಂಡು ಹಣ ಕೊಡದೆ ಸತಾಯಿಸಿದ. ವರ್ತಕನು ಮೊದಲು ಹೋದದ್ದು ಸಹ್ಮ್ ಗೋತ್ರದ ಮಿತ್ರಕುಲಗಳ ಬಳಿಗೆ. ಅಬ್ದುದ್ದಾರ್, ಮಖ್ಝೂಮ್, ಜುಮಹ್, ಅದಿಯ್ಯ್ ಮೊದಲಾದ ಈ ಕುಲಗಳು ಪರಸ್ಪರ ಬೆಂಬಲದ ಪ್ರತಿಜ್ಞೆ ಮಾಡಿಕೊಂಡಿದ್ದವು. ಅವರು ಅವನನ್ನು ಗದರಿಸಿ ಕಳುಹಿಸಿದರು. ಬೆಟ್ಟ ಹತ್ತುವುದಲ್ಲದೆ ಅವನಿಗೆ ಬೇರೆ ದಾರಿ ಉಳಿದಿರಲಿಲ್ಲ.

ಅಂದಿನ ಮಕ್ಕಾದಲ್ಲಿ ಅರಸನಿರಲಿಲ್ಲ, ನ್ಯಾಯಾಲಯವಿರಲಿಲ್ಲ, ಕಾವಲುಪಡೆಯಿರಲಿಲ್ಲ, ಸೆರೆಮನೆಯೂ ಇರಲಿಲ್ಲ. ಒಬ್ಬನ ಪ್ರಾಣ ಮತ್ತು ಸೊತ್ತಿಗೆ ಅವನ ಗೋತ್ರವೇ ರಕ್ಷೆ. ಗೋತ್ರದವನನ್ನು ಯಾರಾದರೂ ಮುಟ್ಟಿದರೆ ಇಡೀ ಗೋತ್ರ ಖಡ್ಗ ಹಿಡಿಯುತ್ತಿತ್ತು. ಅವನೇ ತಪ್ಪಿತಸ್ಥನಾಗಿದ್ದರೂ ಅಷ್ಟೇ. ಈ ವ್ಯವಸ್ಥೆ ಒಳಗಿನವರಿಗೆ ಕೋಟೆ, ಹೊರಗಿನವರಿಗೆ ಬಲೆ. ಆದರೆ ಬೆಳೆ ಬೆಳೆಯದ ಆ ಕಣಿವೆಯ ಅನ್ನ ಬರುತ್ತಿದ್ದದ್ದು ಹೊರಗಿನವರಿಂದಲೇ. ಚಳಿಗಾಲದಲ್ಲಿ ಯಮನ್, ಬೇಸಿಗೆಯಲ್ಲಿ ಶಾಮ್, ಹೀಗೆ ಎರಡು ಯಾತ್ರೆಗಳ ಮೇಲೆ ನಿಂತಿದ್ದ ಪಟ್ಟಣವದು. ಯಮನ್‌ನ ವರ್ತಕನನ್ನು ದೋಚಿದರೆ ನಾಳೆ ಯಮನ್‌ನ ದಾರಿಯಲ್ಲಿ ಕುರೈಶರ ಒಂಟೆಗಳ ಗತಿಯೇನು? ಫಿಜಾರ್ ಯುದ್ಧ ಮುಗಿದು ಹೆಚ್ಚು ದಿನಗಳೂ ಆಗಿರಲಿಲ್ಲ. ಪವಿತ್ರ ಮಾಸಗಳ ಮರ್ಯಾದೆಯನ್ನೇ ಮುರಿದ ಆ ಕಾಳಗದಿಂದ ಜನರು ಬೇಸತ್ತಿದ್ದರು.

ಕೂಗನ್ನು ಕೇಳಿ ಎದ್ದು ನಿಂತವರು ಪ್ರವಾದಿವರ್ಯ(ಸ)ರ ದೊಡ್ಡಪ್ಪ ಝುಬೈರ್ ಬಿನ್ ಅಬ್ದುಲ್ ಮುತ್ತಲಿಬ್. (ಸಹಾಬಿ ಝುಬೈರ್ ಬಿನ್ ಅವ್ವಾಮ್(ರ) ಬೇರೆ.) ಇವನನ್ನು ಹೀಗೆಯೇ ಬಿಟ್ಟುಬಿಡುವಂತಿಲ್ಲ ಎಂದು ಅವರು ಸುತ್ತಲಿದ್ದವರನ್ನು ಹುರಿದುಂಬಿಸಿದರು. ತೈಮ್ ಗೋತ್ರದ ಹಿರಿಯ ಅಬ್ದುಲ್ಲಾ ಬಿನ್ ಜುದ್‌ಆನ್‌ರ ಮನೆಯಲ್ಲಿ ಸಭೆ ಸೇರಿತು. ಉದಾರಿಯೆಂದು ಹೆಸರಾಗಿದ್ದ ಅವರು ಬಂದವರಿಗೆಲ್ಲ ಅಡುಗೆ ಮಾಡಿಸಿ ಬಡಿಸಿದರು. ಹಾಶಿಮ್, ಮುತ್ತಲಿಬ್, ಅಸದ್, ಝುಹ್ರಾ, ತೈಮ್ ಕುಲಗಳವರು ಅಲ್ಲಿ ಅಲ್ಲಾಹನ ಹೆಸರಿನಲ್ಲಿ ಪ್ರತಿಜ್ಞೆಗೈದರು: ಮಕ್ಕಾದಲ್ಲಿ ಅನ್ಯಾಯಕ್ಕೊಳಗಾದವನು ಊರಿನವನಾಗಿರಲಿ, ಪರಸ್ಥಳದವನಾಗಿರಲಿ, ಅವನ ಹಕ್ಕು ಅವನಿಗೆ ಮರಳುವ ತನಕ ಅನ್ಯಾಯಗಾರನ ವಿರುದ್ಧ ನಾವೆಲ್ಲರೂ ಒಂದೇ ಕೈಯಾಗಿ ನಿಲ್ಲುತ್ತೇವೆ. ಜೀವನೋಪಾಯದಲ್ಲಿ ಒಬ್ಬರಿಗೊಬ್ಬರು ಆಸರೆಯಾಗುವ ಮಾತೂ ಆ ಪ್ರತಿಜ್ಞೆಯಲ್ಲಿತ್ತೆಂದು ಇತಿಹಾಸಕಾರರು ದಾಖಲಿಸಿದ್ದಾರೆ. ಸಭೆಯಲ್ಲಿ ಕುಳಿತಿದ್ದ ಯುವಕರಲ್ಲಿ ಮುಹಮ್ಮದ್(ಸ)ರೂ ಒಬ್ಬರು.

ಬಳಿಕ ಎಲ್ಲರೂ ಎದ್ದು ಆಸ್ ಬಿನ್ ವಾಇಲ್‌ನ ಮನೆಗೆ ನಡೆದರು. ಸರಕನ್ನು ಅವನ ಕೈಯಿಂದ ಪಡೆದು ಝುಬೈದಿಗೆ ಒಪ್ಪಿಸಿದರು. ಪ್ರತಿಜ್ಞೆಗೂ ಕಾರ್ಯಕ್ಕೂ ನಡುವೆ ಇದ್ದದ್ದು ಒಂದು ಬೀದಿಯ ಅಂತರ ಮಾತ್ರ.

ಹಿಲ್ಫುಲ್ ಫುಝೂಲ್ ಎಂದು ಕರೆಯಲ್ಪಟ್ಟ ಈ ಒಡಂಬಡಿಕೆ ಒಂದು ದಿನದ ಆವೇಶವಾಗಿ ಮುಗಿಯಲಿಲ್ಲ. ಖಸ್‌ಅಮ್ ಗೋತ್ರದ ಒಬ್ಬ ತನ್ನ ಮಗಳೊಂದಿಗೆ ಮಕ್ಕಾಕ್ಕೆ ಬಂದಾಗ ಸಹ್ಮ್ ಕುಲದವನೇ ಆದ ನುಬೈಹ್ ಬಿನ್ ಹಜ್ಜಾಜ್ ಆ ಹೆಣ್ಣುಮಗಳನ್ನು ಬಲಾತ್ಕಾರವಾಗಿ ಒಯ್ದ. ತಂದೆ ಕಅಬಾದ ಬಳಿ ನಿಂತು ಒಡಂಬಡಿಕೆಯ ಹೆಸರೆತ್ತಿ ಕರೆದ. ನಾಲ್ದೆಸೆಗಳಿಂದ ಖಡ್ಗ ಹಿಡಿದು ಬಂದವರು ನುಬೈಹ್‌ನ ಬಾಗಿಲಲ್ಲಿ ನಿಂತರು. ಒಂದು ರಾತ್ರಿಯ ಮಟ್ಟಿಗಾದರೂ ಅವಳನ್ನು ಬಿಡಿರೆಂದು ಅವನು ಅಂಗಲಾಚಿದ. ಒಂದು ಗಳಿಗೆಯೂ ಇಲ್ಲವೆಂದು ಅವಳನ್ನು ಕರೆತಂದು ತಂದೆಗೆ ಒಪ್ಪಿಸಿದರು. ಇನ್ನೊಮ್ಮೆ ಉಬಯ್ಯ್ ಬಿನ್ ಖಲಫ್ ಒಬ್ಬ ವರ್ತಕನ ಹಣ ತಡೆಹಿಡಿದಾಗ ಯಾರೂ ಅವನ ಮನೆಗೆ ಹೋಗಬೇಕಾಗಲಿಲ್ಲ. 'ನಮ್ಮ ಬಳಿಗೆ ಬಂದಿದ್ದೆನೆಂದು ಅವನಿಗೆ ಹೇಳು' ಎಂದು ವರ್ತಕನನ್ನೇ ಮರಳಿ ಕಳುಹಿಸಿದರು, ಹಣ ಬಂತು.

ಎಲ್ಲ ಕುಲಗಳೂ ಇದರಲ್ಲಿ ಸೇರಲಿಲ್ಲ. ಅಬ್ದ್ ಶಮ್ಸ್ ಮತ್ತು ನೌಫಲ್ ಕುಲಗಳು ಹೊರಗುಳಿದವು. ಮುಂದೆ ಉಮವೀ ಖಲೀಫ ಅಬ್ದುಲ್ ಮಲಿಕ್, ನಾವು ಆ ಒಡಂಬಡಿಕೆಯಲ್ಲಿ ಇದ್ದೆವಲ್ಲವೇ ಎಂದು ವಿಚಾರಿಸಿದಾಗ, ನೌಫಲ್ ಕುಲದ ವಿದ್ವಾಂಸ ಮುಹಮ್ಮದ್ ಬಿನ್ ಜುಬೈರ್, ನಾವೂ ನೀವೂ ಅದರಿಂದ ಹೊರಬಂದವರು ಎಂದು ಅವರ ಮುಖಕ್ಕೇ ಹೇಳಿದರು.

ನುಬುವ್ವತ್ ದೊರೆತ ಬಳಿಕವೂ ಪ್ರವಾದಿವರ್ಯ(ಸ)ರು ಆ ಸಭೆಯನ್ನು ಮರೆಯಲಿಲ್ಲ. ಆ ಪ್ರತಿಜ್ಞೆಗೆ ಬದಲಾಗಿ ಕೆಂಪು ಒಂಟೆಗಳನ್ನು ಕೊಟ್ಟರೂ ತಮಗೆ ಬೇಡ, ಇಸ್ಲಾಮಿನಲ್ಲಿ ಅದರ ಹೆಸರಿನಲ್ಲಿ ಕರೆದರೂ ತಾವು ಓಗೊಡುವುದಾಗಿ ಅವರು ಹೇಳಿದರು. ಅರಬರಿಗೆ ಕೆಂಪು ಒಂಟೆಗಿಂತ ಬೆಲೆಬಾಳುವ ಸೊತ್ತು ಇರಲಿಲ್ಲ. ಇಲ್ಲಿ ಒಂದು ಸೂಕ್ಷ್ಮವಿದೆ. ಇದೇ ಇಬ್ನ್ ಜುದ್‌ಆನ್‌ರ ದಾನಧರ್ಮಗಳು ಪರಲೋಕದಲ್ಲಿ ಅವರಿಗೆ ಫಲ ಕೊಡುವವೇ ಎಂದು ಹಝ್ರತ್ ಆಯಿಶಾ(ರ) ಕೇಳಿದಾಗ ಪ್ರವಾದಿ(ಸ)ರು ಇಲ್ಲವೆಂದರು. ಅವರು ಒಂದು ದಿನವೂ ತಮ್ಮ ಪ್ರಭುವಿನಲ್ಲಿ ಕ್ಷಮೆ ಯಾಚಿಸಿರಲಿಲ್ಲ. ಮನೆಯ ಯಜಮಾನನ ವಿಶ್ವಾಸದ ಕುರಿತಾದ ತೀರ್ಪು ಒಂದು, ಆ ಮನೆಯಲ್ಲಿ ಕೈಗೂಡಿದ ನ್ಯಾಯದ ಬೆಲೆ ಇನ್ನೊಂದು. ಇವೆರಡನ್ನು ಬೆರೆಸಿ ಗೊಂದಲಗೊಳ್ಳುವುದು ನಾವೇ. ನಮ್ಮ ಮೊಹಲ್ಲಾಗಳ ಸಭೆಗಳಲ್ಲಿ ಯಾರದಾದರೂ ದೂರು ಬಂದರೆ 'ಏನಾಯಿತು' ಎಂಬುದಕ್ಕಿಂತ ಮೊದಲು 'ಅವನು ಯಾರ ಕಡೆಯವನು' ಎಂಬ ಪ್ರಶ್ನೆ ಏಳುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಒಂದೆರಡು ಸಲ ನಾನೇ ಕೇಳಿದವನೂ ಹೌದು. ಝುಬೈದಿಯನ್ನು ಗದರಿಸಿ ಕಳುಹಿಸಿದವರ ಪ್ರಶ್ನೆಯೂ ಅದೇ ಆಗಿತ್ತು.

ಆಸ್ ಬಿನ್ ವಾಇಲ್ ಮಾತ್ರ ಪಾಠ ಕಲಿಯಲಿಲ್ಲ. ಎಷ್ಟೋ ವರ್ಷಗಳ ಬಳಿಕ ಖಡ್ಗ ತಯಾರಿಸುವ ಬಡ ಕಮ್ಮಾರ ಖಬ್ಬಾಬ್(ರ)ರ ಕೂಲಿಯನ್ನೂ ಅವನು ಹೀಗೆಯೇ ತಡೆದ. ಸತ್ತು ಮತ್ತೆ ಎಬ್ಬಿಸಲ್ಪಟ್ಟಾಗ ಅಲ್ಲಿ ನನಗೆ ಧನವೂ ಮಕ್ಕಳೂ ಇರುತ್ತಾರೆ, ಆಗ ತೀರಿಸುತ್ತೇನೆ ಎಂದು ಗೇಲಿ ಮಾಡಿದ. ಸೂರಃ ಮರ್ಯಮ್‌ನ 77ರಿಂದ 80ರ ವರೆಗಿನ ಸೂಕ್ತಗಳು ಅವತೀರ್ಣವಾದದ್ದು ಈ ಸಂದರ್ಭದಲ್ಲಿ. ಆ ಹೊತ್ತಿಗೆ ಕುರೈಶರು ಸತ್ಯಕರೆಯ ವಿಷಯದಲ್ಲಿ ಒಡೆದು ಹೋಗಿದ್ದರು. ಒಂದೇ ಕೈಯಾಗಿ ನಿಲ್ಲುವವರು ಇರಲಿಲ್ಲ. ಅಬೂ ಜಹಲ್ ಒಂಟೆ ಕೊಂಡು ಹಣ ಕೊಡದಿದ್ದಾಗ ಇರಾಶ್‌ನಿಂದ ಬಂದಿದ್ದ ಅಪರಿಚಿತನಿಗೆ ಕುರೈಶರು ಪ್ರವಾದಿ(ಸ)ರನ್ನು ತೋರಿಸಿದ್ದು ತಮಾಷೆಗಾಗಿ. ಅವರಿಬ್ಬರ ನಡುವಿನ ಹಗೆತನ ಎಲ್ಲರಿಗೂ ಗೊತ್ತಿತ್ತು. ಪ್ರವಾದಿ(ಸ)ರು ಎದ್ದು ಅವನೊಂದಿಗೆ ನಡೆದರು, ಅಬೂ ಜಹಲ್‌ನ ಬಾಗಿಲು ತಟ್ಟಿದರು. ಮುಖ ಬಿಳಿಚಿಕೊಂಡು ಹೊರಬಂದ ಅವನು ಹಣವನ್ನು ತಂದುಕೊಟ್ಟ.

ಮುಆವಿಯಾ(ರ)ರ ಆಡಳಿತಕಾಲ ಬಂದಾಗ ಒಡಂಬಡಿಕೆಗೆ 70 ವರ್ಷಗಳು ಮೀರಿದ್ದವು. ಮದೀನಾದ ರಾಜ್ಯಪಾಲ ವಲೀದ್ ಬಿನ್ ಉತ್ಬಾ, ದುಲ್ ಮರ್ವಾ ಎಂಬಲ್ಲಿನ ಆಸ್ತಿಯೊಂದರ ವಿಷಯದಲ್ಲಿ ಅಧಿಕಾರಬಲದಿಂದ ಹಝ್ರತ್ ಹುಸೈನ್(ರ)ರ ಹಕ್ಕನ್ನು ಅದುಮಲು ನೋಡಿದ. ನನಗೆ ನ್ಯಾಯ ಕೊಡು, ಇಲ್ಲವಾದರೆ ಖಡ್ಗ ಹಿಡಿದು ಪ್ರವಾದಿಯ ಮಸೀದಿಯಲ್ಲಿ ನಿಂತು ಹಿಲ್ಫುಲ್ ಫುಝೂಲ್‌ನ ಹೆಸರಿನಲ್ಲಿ ಕರೆಯುತ್ತೇನೆ ಎಂದರು ಹುಸೈನ್(ರ). ಅಲ್ಲಿಯೇ ಇದ್ದ ಅಬ್ದುಲ್ಲಾ ಬಿನ್ ಝುಬೈರ್(ರ), ಹಾಗೆ ಕರೆದರೆ ನಾನೂ ಖಡ್ಗ ಹಿಡಿದು ಅವರ ಪಕ್ಕದಲ್ಲಿ ನಿಲ್ಲುತ್ತೇನೆ ಎಂದರು. ಸುದ್ದಿ ಮಿಸ್ವರ್ ಬಿನ್ ಮಖ್ರಮಾ(ರ)ರಿಗೆ ತಲುಪಿತು, ಅವರೂ ಅದನ್ನೇ ಹೇಳಿದರು. ಅಬ್ದುರ್ರಹ್ಮಾನ್ ಬಿನ್ ಉಸ್ಮಾನ್(ರ)ರೂ ಅದನ್ನೇ ಹೇಳಿದರು. ಹುಸೈನ್(ರ) ಹಾಶಿಮ್ ಕುಲದವರು, ಇಬ್ನ್ ಝುಬೈರ್ ಅಸದ್, ಮಿಸ್ವರ್ ಝುಹ್ರಾ, ಅಬ್ದುರ್ರಹ್ಮಾನ್ ತೈಮ್. ಇಬ್ನ್ ಜುದ್‌ಆನ್‌ರ ಮನೆಯಲ್ಲಿ ಅಂದು ಊಟಕ್ಕೆ ಕುಳಿತಿದ್ದವರ ವಂಶದವರೇ ಇವರೆಲ್ಲ. ವಿಷಯ ತಿಳಿದ ವಲೀದ್, ಹುಸೈನ್(ರ)ರಿಗೆ ಅವರ ಹಕ್ಕನ್ನು ಬಿಟ್ಟುಕೊಟ್ಟ.