ಲೆಕ್ಕದ ಗುಳಗಿ

ಪರೀಕ್ಷಾ ಹತ್ರ ಬಂದ್ವು ಅಂದ್ರ ನಮ್ಮ ಓಣ್ಯಾಗ ಇದೊಂದು ಮಾತು ಇದ್ದದ್ದ: "ಓದಿದ್ದು ತಲ್ಯಾಗ ನಿಲ್ಲೋಹಂಗ ಏನರೆ ಗುಳಗಿ ಅದನ್ರಿ ವೈನಿ?" ಈ ಗುಳಗಿ ಕಥಿ ಶುರುವಾಗಿದ್ದು ಮಾತ್ರ ತಲಿಶೂಲಿಯಿಂದ.

ಅಮೆರಿಕಾದ ರೋಡ್ ಐಲೆಂಡ್‌ನಾಗ ಬ್ರಾಡ್ಲಿ ಅಂತ ಒಂದು ಸಾಹುಕಾರ ಮನಿತನ. ಅವರ ಒಬ್ಬಾಕಿ ಮಗಳು ಎಮಾಗ ಏಳನೇ ವರ್ಷಕ್ಕ ಮಿದುಳಿನ ಬಾವು ಬಂತು, ಹುಡುಗಿ ಮತ್ತ ಮೊದಲಿನಂಗ ಆಗಲಿಲ್ಲ. ತಂದಿ-ತಾಯಿ ಇಂಥಾ ಮಕ್ಕಳಿಗೇ ಅಂತ ಆಸ್ತಿ ಬರದಿಟ್ಟರು. 1931ರಾಗ ಆಕಿ ಹೆಸರಿನ ದವಾಖಾನಿ ಆತು. ಅಲ್ಲಿ ಡಾಕ್ಟರಾಗಿ ಬಂದವರು ಅದ ಮನಿತನದ ಚಾರ್ಲ್ಸ್ ಬ್ರಾಡ್ಲಿ. ಆಗ ಮಿದುಳಿನ ಎಕ್ಸ್‌ರೇ ಅಂದ್ರ ಬೆನ್ನಾಗ ಸೂಜಿ ಚುಚ್ಚಿ ನೀರು ತಗದು ಗಾಳಿ ತುಂಬತಿದ್ರು. ಪಾಪ, ಹುಡುಗೂರಿಗೆ ತಲಿ ಸಿಡಿಯೋಹಂಗ ನೋವು. ಆ ನೀರು ಲಗೂ ತುಂಬಲಿ ಅಂತ ಡಾಕ್ಟರು ಬೆಂಝೆಡ್ರಿನ್ ಕೊಟ್ಟು ನೋಡಿದ್ರು. ತಲಿಶೂಲಿ ಹೋಗಲಿಲ್ಲ. ಆದ್ರ ಸಾಲಿ ಕಲಿಸೋರು, ಹುಡುಗೂರು ಕೂತಲ್ಲೆ ಕೂತು ಲೆಕ್ಕಾ ಮಾಡಲಿಕ್ಕೆ ಹತ್ಯಾರಲ್ಲ ಅಂತ ಬೆರಗಾದ್ರು! 30 ಹುಡುಗೂರಿಗೆ ಒಂದು ವಾರ ಕೊಟ್ಟದ್ದನ್ನ ಡಾಕ್ಟರು 1937ರಾಗ ಬರದು ಪ್ರಕಟ ಮಾಡಿದ್ರು. 14 ಮಂದಿ ಅಭ್ಯಾಸದಾಗ ಭಾರೀ ಸುಧಾರಿಸಿದ್ರಂತ. 'ಲೆಕ್ಕದ ಗುಳಗಿ' ಅಂತ ಹೆಸರಿಟ್ಟವರು ಆ ಹುಡುಗೂರ.

ಮುಂದ 1944ರಾಗ ಸ್ವಿಟ್ಜರ್ಲೆಂಡಿನ ಪಾನಿಝೋನ್ ಅನ್ನೋ ರಸಾಯನಶಾಸ್ತ್ರಜ್ಞ ಇನ್ನೊಂದು ಔಷಧ ಮಾಡಿದ. ಹೆಂಡ್ತಿ ರೀಟಾ ಅದನ್ನ ತಗೊಂಡು ಟೆನಿಸ್ ಆಡತಿದ್ಲು, ಅದಕ್ಕ ಹೆಸರು ರಿಟಾಲಿನ್. (ಗುಳಗಿಗೆ ಹೆಂಡ್ತಿ ಹೆಸರಿಟ್ಟ ಗಂಡನ್ನ ನಾ ಇನ್ನೊಬ್ಬನ್ನ ಕೇಳಿಲ್ಲ.)

ಈಗ ಖರೇ ಪ್ರಶ್ನಾಕ್ಕ ಬರೋಣು: ಕೂತು ಲೆಕ್ಕಾ ಮಾಡೋದು, ಕಲಿಯೋದು ಎರಡೂ ಒಂದನಾ? 2022ರಾಗ ಫ್ಲೋರಿಡಾದ ಪೆಲ್ಹಮ್ ಮತ್ತವರ ಜೋಡಿಯವರು ಎಡಿಎಚ್‌ಡಿ ಇದ್ದ 173 ಹುಡುಗೂರಿಗೆ ಒಂದು ಪಾಠದಾಗ ಖರೇ ಗುಳಗಿ, ಇನ್ನೊಂದರಾಗ ಔಷಧ ಇಲ್ಲದ ಗುಳಗಿ ಕೊಟ್ಟು ನೋಡಿದ್ರು. ಖರೇ ಗುಳಗಿ ತಗೊಂಡಾಗ ಗಲಾಟೆ ಕಡಿಮಿ, ಲೆಕ್ಕಾ ಜಾಸ್ತಿ. ಆದ್ರ ಹೊಸಾ ಶಬ್ದ, ಹೊಸಾ ಪಾಠ ಕಲತದ್ದು ಎರಡೂ ಸಲ ಅಷ್ಟ! ಹಂಗಂತ ಎಡಿಎಚ್‌ಡಿ ಮಕ್ಕಳಿಗೆ ಡಾಕ್ಟರು ಕೊಟ್ಟದ್ದನ್ನ ಬಿಡಸಬ್ಯಾಡ್ರಿ. ಬೈಸಿಕೊಳ್ಳದ ಒಂದು ದಿನಾ ಕೂತು ಬರೋದು ಆ ಕೂಸಿಗೆ ಸಣ್ಣ ಮಾತಲ್ಲ.

ಅರಾಮ ಇರೋ ಹುಡುಗೂರ ಮಾತು ಬ್ಯಾರೆ. 2023ರಾಗ ಮೆಲ್ಬರ್ನ್‌ನವರು ಆರೋಗ್ಯವಂತ 40 ಮಂದಿಗೆ ಇಂಥಾ ಔಷಧ ಕೊಟ್ಟು ಬಿಡಿಸಲಾರದಂಥ ಲೆಕ್ಕಾ ಕೊಟ್ರು. ಒದ್ದಾಟ ಜಾಸ್ತಿ ಆತು, ಉತ್ತರ ಸುಮಾರಾದ್ವು. ಮ್ಯಾಲ ಈ ಗುಳಗಿ ನಿದ್ದಿ, ಹಸಿವಿ ಎರಡೂ ಕೆಡಸ್ತದ. ಓದಿದ್ದು ನೆನಪಾಗಿ ಗಟ್ಟಿ ಆಗೋದ ನಿದ್ದ್ಯಾಗ. ನಮ್ಮ ದೇಶದಾಗೂ ಡಾಕ್ಟರ ಚೀಟಿ ಇಲ್ಲದ ರಿಟಾಲಿನ್ ಮಾರೋಹಂಗಿಲ್ಲ.