ಮುಂಬಯಿಯ ಇನ್‌ಫ್ಲುಯೆಂಜಾ ಮತ್ತು ಹಂದಿಯ ಸಾಕ್ಷ್ಯ

೧೯೧೮ರ ಜೂನ್ ೧೦ರಂದು ಮುಂಬಯಿಯ ಏಳು ಮಂದಿ ಪೊಲೀಸ್ ಸಿಪಾಯಿಗಳು ಜ್ವರಪೀಡಿತರಾಗಿ ಆಸ್ಪತ್ರೆಯನ್ನು ಸೇರಿದರು; ಅವರಲ್ಲಿ ಒಬ್ಬನು ಬಂದರುಕಟ್ಟೆಯಲ್ಲಿ ಕಾವಲಿದ್ದವನು. ಅದು ಮಲೇರಿಯವಾಗಿರಲಿಲ್ಲ. ಕೆಲವೇ ದಿನಗಳಲ್ಲಿ ಹಡಗು ಕಂಪನಿಗಳ ನೌಕರರೂ ಪೋರ್ಟ್ ಟ್ರಸ್ಟಿನವರೂ ಗಿರಣಿಯ ಕೆಲಸಗಾರರೂ ಹಾಸಿಗೆ ಹಿಡಿದರು. ಮಳೆಗಾಲದ ಕೊನೆಗೆ ಅದೇ ಜ್ವರವು ಉಗ್ರರೂಪದಿಂದ ಮರಳಿತು. ಅಕ್ಟೋಬರ್ ೬ರಂದು, ಆ ಒಂದೇ ದಿನ, ನಗರದಲ್ಲಿ ೭೬೮ ಮರಣಗಳು ದಾಖಲಾದುವು.

ಈ ರೋಗವನ್ನು ಯಾರು ತಂದರು? ನಗರದ ಆರೋಗ್ಯಾಧಿಕಾರಿ ಡಾ. ಜೆ. ಎ. ಟರ್ನರ್ ಅವರು, ಮೇ ತಿಂಗಳ ಕೊನೆಯಲ್ಲಿ ಬಂದ ಹಡಗೊಂದರ ನಾವಿಕರೇ ಕಾರಣರೆಂದರು. ನಾವಿಕರಿಗೇ ನಗರದಿಂದ ರೋಗವಂಟಿತೆಂಬುದು ಸರ್ಕಾರದ ಪಕ್ಷ. ರೋಗಕಾರಕವೇ ಗೊತ್ತಿಲ್ಲದ ಆ ಕಾಲದಲ್ಲಿ ಈ ವಿವಾದಕ್ಕೆ ನಿರ್ಣಯ ದೊರೆಯುವಂತಿರಲಿಲ್ಲ.

ಆ ರೋಗಕಾರಕದ ಸುಳಿವು ದೊರೆತುದು ಹಂದಿಯಿಂದ. ೧೯೧೮ರ ಶರತ್ಕಾಲದಲ್ಲಿಯೇ ಅಮೆರಿಕದ ಅಯೋವಾ ಪ್ರಾಂತದ ಹಂದಿಗಳು ಕೆಮ್ಮು ಜ್ವರಗಳಿಂದ ನರಳಿದುವು. ಪಶುವೈದ್ಯ ಜೆ. ಎಸ್. ಕೋಯೆನ್ ಅದು ಮನುಷ್ಯರ ಇನ್‌ಫ್ಲುಯೆಂಜಾವೇ ಎಂದು ಸಾರಿದನು. ಮಾಂಸದ ವ್ಯಾಪಾರ ಕೆಡುವುದೆಂದು ಹಂದಿ ಸಾಕುವವರು ಅವನ ಮಾತಿಗೆ ಸಿಡಿದರು. ಆದರೂ ಅವನು ತನ್ನ ಮತವನ್ನು ಬಿಡಲಿಲ್ಲ. ೧೯೩೧ರಲ್ಲಿ ರಿಚರ್ಡ್ ಶೋಪನು ಹಂದಿಯ ವೈರಸ್ಸನ್ನು ಪ್ರಕಟಪಡಿಸಿದನು. ೧೯೩೩ರಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳು ಮನುಷ್ಯನದನ್ನು ಕಂಡುಹಿಡಿದರು. ಅನಂತರದ ಪರೀಕ್ಷೆಗಳಲ್ಲಿ, ೧೯೧೮ನ್ನು ಕಂಡ ವಯಸ್ಕರ ರಕ್ತವು ಹಂದಿಯ ವೈರಸ್ಸನ್ನು ತಡೆಯಿತು. ಎಳೆಯ ಮಕ್ಕಳ ರಕ್ತವು ಬಹುಮಟ್ಟಿಗೆ ತಡೆಯಲಿಲ್ಲ. ಮನುಷ್ಯರಲ್ಲಿ ಅಡಗಿದ ಪಿಡುಗು ಹಂದಿಯಲ್ಲಿ ಉಳಿದುಕೊಂಡಿದ್ದಿತು.

ಹಂದಿಯ ಉಸಿರುನಾಳದಲ್ಲಿ ಹಕ್ಕಿಯ ವೈರಸ್ಸಿಗೂ ಮನುಷ್ಯನ ವೈರಸ್ಸಿಗೂ ಎಡೆಯುಂಟು. ಎರಡೂ ಒಂದೇ ಜೀವಕೋಶವನ್ನು ಹೊಕ್ಕಾಗ ಅವುಗಳ ಅನುವಂಶಿಕ ತುಣುಕುಗಳು ಬೆರೆತು ಹೊಸ ಬಗೆ ಹುಟ್ಟಬಹುದು. ಆದುದರಿಂದಲೇ ಎಚ್೧ಎನ್೧, ಎಚ್೧ಎನ್೨, ಎಚ್೩ಎನ್೨ ಎಂಬ ಉಪಪ್ರಭೇದಗಳನ್ನು ಸಾಕುಹಂದಿಗಳಲ್ಲಿ ಸತತವಾಗಿ ಗಮನಿಸಬೇಕಾಗಿದೆ. ೨೦೦೯ರಲ್ಲಿ ಹಂದಿಗಳ ವೈರಸ್ಸುಗಳಿಂದ ಮೂಡಿದ ಎಚ್೧ಎನ್೧ ಜಗತ್ತನ್ನೇ ವ್ಯಾಪಿಸಿತು. ಮುಂಬಯಿಯ ರೋಗಿಗಳು ಕಸ್ತೂರ್ಬಾ ಆಸ್ಪತ್ರೆಯನ್ನು ಸೇರಿದರು. ಮನುಷ್ಯರಿಂದ ಅದು ಹಲವು ದೇಶಗಳ ಹಂದಿಗಳಿಗೆ ಮರಳಿ ತಗಲಿತು. ಉತ್ತರ ಪ್ರದೇಶದ ಹಂದಿಗಳಲ್ಲಿಯೂ ಕಂಡುಬಂದಿತು. ಕೊಟ್ಟವರಾರು, ಪಡೆದವರಾರು ಎಂಬ ಟರ್ನರರ ಕಾಲದ ಪ್ರಶ್ನೆಗೆ ಇಲ್ಲಿ ಎರಡೂ ಕಡೆಯಿಂದ ಉತ್ತರವಿದೆ.

ಈ ಕಾವಲಿಗೆ ಬೇಕಾದ ಎರಡು ವಿದ್ಯೆಗಳು ಪರೇಲಿನಲ್ಲಿ ನೆರೆಹೊರೆಯಾಗಿಯೇ ಬೆಳೆದುವು. ೧೮೮೬ರಲ್ಲಿ ಪಶುವೈದ್ಯ ಕಾಲೇಜು ಅಲ್ಲಿ ತೆರೆಯಿತು. ೧೮೯೯ರಲ್ಲಿ ಹಾಫ್‌ಕಿನರ ಪ್ಲೇಗ್ ಪ್ರಯೋಗಶಾಲೆ ಅಲ್ಲಿಯ ಹಳೆಯ ಸರ್ಕಾರಿ ಭವನಕ್ಕೆ ಬಂದಿತು. ಆದರೆ ವಿದ್ಯೆಯೊಂದೇ ಸಾಲದು. ೧೯೧೮ರಲ್ಲಿ ಈ ನಗರದ ಐರೋಪ್ಯರಲ್ಲಿ ಸಾವಿರಕ್ಕೆ ೮.೩ ಮಂದಿ ಸತ್ತರೆ, ಕೆಳಜಾತಿಯೆನಿಸಿಕೊಂಡ ಹಿಂದೂಗಳಲ್ಲಿ ೬೧.೬ ಮಂದಿ ಸತ್ತರು. ಹಂದಿಯನ್ನು ಸಾಕಿ ಬದುಕುವ ಹೊಣೆಯೂ ಬಹುಕಾಲ ಇಂತಹ ಬಡವರ ಪಾಲಿನದೇ ಆಗಿದ್ದಿತು. ರೋಗವನ್ನು ತಿಳಿಸಿದವನು ತನ್ನ ಜೀವನೋಪಾಯವನ್ನೇ ಕಳೆದುಕೊಳ್ಳುವಂತಾದರೆ ಆತನು ಬಾಯಿ ಬಿಡುವುದಿಲ್ಲ; ಕೋಯೆನನ ಕಾಲದ ಅಯೋವಾದಲ್ಲಿ ಕಂಡುದು ಇದೇ ಭಯ. ಹಂದಿಯ ಮೂಗಿನ ದ್ರವವನ್ನು ಪರೀಕ್ಷಿಸುವ ಮುನ್ನ ಅದನ್ನು ಸಾಕುವವನ ನಷ್ಟವನ್ನು ತುಂಬಿಕೊಡುವ ಭರವಸೆ ಇರತಕ್ಕದ್ದು. ಮರಣಗಳ ಲೆಕ್ಕವು ರೋಗ ಬಂದ ಮೇಲಿನದು. ಈ ಲೆಕ್ಕವನ್ನು ಮೊದಲೇ ತೆರೆಯಬೇಕು.